ಮೊಂಡನ ಉಪವಾಸ

ನನ್ನ ಸೊಸೆ ಸಾಕಿದ ಜೀವಿಗಳು ಸಾಯುತ್ತಿರಲಿಲ್ಲ. ಅದೇ ತೊಂದರೆಯಾಗಿತ್ತು.

ಅವಳ ಕಸುಬೇ ಅಂಥದ್ದು. ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಕತ್ತರಿಸಿ, ಬೇರೆ ಕಡೆಯಿಂದ ತಂದ ತುಂಡು ಸೇರಿಸಿ, ಅದಕ್ಕೆ ಹುಟ್ಟಿನಲ್ಲಿಲ್ಲದ ಬುದ್ಧಿ ಕಲಿಸುವುದು. ವರ್ಷಗಟ್ಟಲೆ ಹೆಣಗಿ ಅವಳು ತಯಾರಿಸಿದ್ದು ಅಡುಗೆಮನೆಯ ಕೊಳವೆಯಲ್ಲಿ ಕಟ್ಟಿಕೊಂಡ ಜಿಡ್ಡನ್ನು ತಿಂದು ಮುಗಿಸುವ ಒಂದು ಬ್ಯಾಕ್ಟೀರಿಯಾ. ಇಂಥದ್ದು ಲಂಗುಲಗಾಮಿಲ್ಲದೆ ಹೊರಗೆ ಬೆಳೆಯಬಾರದೆಂದು ಅದರೊಳಗೇ ಒಂದು ಕಟ್ಟು ಹಾಕಿದ್ದಳು. ಪ್ರಯೋಗಾಲಯದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಒಂದು ಬಿಳಿ ಪುಡಿ ಅದಕ್ಕೆ ಬೇಕೇ ಬೇಕು. ಪುಡಿ ನಿಂತರೆ ಅದರ ಕಥೆ ಮುಗಿಯಿತು.

"ನಾಯಿಗೆ ಸರಪಳಿ ಇದ್ದ ಹಾಗೆ ಅತ್ತೆ," ಎಂದು ವಿವರಿಸಿದ್ದಳು.

"ಸರಪಳಿ ಬಿಚ್ಚಿದ್ರೆ ನಾಯಿ ಸಾಯಲ್ವಲ್ಲೇ?"

"ನೀವು ಇತಿಹಾಸದ ಮೇಡಂ. ಸುಮ್ನಿರಿ."

ಕಾಲೇಜಿನಿಂದ ನಿವೃತ್ತಳಾದ ಮೇಲೆ ದಿನಾ ಮಧ್ಯಾಹ್ನ ಪ್ರಯೋಗಾಲಯಕ್ಕೆ ಅವಳಿಗೆ ಊಟ ಒಯ್ಯುವುದು ನನ್ನ ಪಾಲಿನ ಕೆಲಸ. ಎದುರಿಗೆ ಕೂತು ತಿನ್ನಿಸದಿದ್ದರೆ ಡಬ್ಬಿ ಹಾಗೇ ವಾಪಸ್ಸು ಬರುತ್ತದೆ. ಹಾಗಾಗಿ ಕಿಟಕಿಯ ಪಕ್ಕದ ಎತ್ತರದ ಸ್ಟೂಲು ನನ್ನದೆಂದೇ ಆಗಿಹೋಗಿತ್ತು. ಕಾಲು ನೆಲಕ್ಕೆ ಎಟುಕುವುದಿಲ್ಲವೆಂದು ಅಲ್ಲಿ ಸೀಸೆ, ತಟ್ಟೆಗಳ ಗಾಜು ತೊಳೆಯುವಾಕೆ ಒಂದು ಖಾಲಿ ಪೆಟ್ಟಿಗೆಯನ್ನು ಕೆಳಗೆ ತಂದಿಟ್ಟಿದ್ದಳು. ನಾನು ಕೇಳಿರಲಿಲ್ಲ.

ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಹಿಂದೊಮ್ಮೆ ಸೀಸೆಗಳ ಸಂಖ್ಯೆ ಅದಲುಬದಲಾಗಿ ದೊಡ್ಡ ರಾದ್ಧಾಂತವಾಗಿತ್ತಂತೆ. ಅಂದಿನಿಂದ ಅಲ್ಲಿಯ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎಂದು ಕರೆಯುವವರು, ಸಂಖ್ಯೆ ಬೇಡ, ಪ್ರತಿ ಸೀಸೆಗೂ ಹೆಸರಿಡಿ ಎಂದು ಕಟ್ಟಪ್ಪಣೆ ಮಾಡಿದ್ದರು. ಪರೀಕ್ಷೆಗೆ ಆರಿಸಿದ ಮೂರು ಸೀಸೆಗಳಿಗೆ ಹೆಸರಿಟ್ಟವಳು ನನ್ನ ಸೊಸೆ. ಮೊದಲು ಬೆಳೆಯಲು ಹಟ ಮಾಡಿದ್ದು ಮೊಂಡ. ನೊರೆ ಉಕ್ಕಿಸುತ್ತಿದ್ದುದು ಅಳುಮುಂಜಿ. ತಳದಲ್ಲಿ ಸದ್ದಿಲ್ಲದೆ ಕೂರುತ್ತಿದ್ದುದು ಗುಮ್ಮ. ಮೂವರನ್ನೂ ಒಂದು ಯಂತ್ರ ಹಗಲಿಡೀ ಮೆಲ್ಲಗೆ ತೂಗುತ್ತಿತ್ತು. ಅದನ್ನು ಎಲ್ಲರೂ ತೊಟ್ಟಿಲು ಎನ್ನುತ್ತಿದ್ದರು. ಅನಾಹುತಕ್ಕೆ ಇಷ್ಟು ಸಾಕಲ್ಲವೇ?

ಪರೀಕ್ಷೆ ಬಹಳ ಸರಳವಾಗಿತ್ತು. ಅದೇ ಕೋಣೆಯಲ್ಲಿ ಒಂದು ವಾರ ಪುಡಿ ಹಾಕಬಾರದು. ಆಮೇಲೆ ಒಂದೊಂದು ಹನಿಯನ್ನು ತಟ್ಟೆಯ ಮೇಲೆ ಹರಡಿದರೆ ಒಂದು ಚುಕ್ಕೆಯೂ ಬೆಳೆಯಬಾರದು. ಆಗ ಸುರಕ್ಷತಾ ಸಮಿತಿ ಒಪ್ಪಿಗೆ ಕೊಡುತ್ತದೆ. ಶೀತಪೆಟ್ಟಿಗೆಯಲ್ಲಿ ಕಾದಿಟ್ಟ ಅವುಗಳ ಒಡಹುಟ್ಟುಗಳು ಬದುಕಿಕೊಳ್ಳುತ್ತವೆ, ಸೊಸೆಯ ಕೆಲಸವೂ ಉಳಿಯುತ್ತದೆ. ಆದರೆ ಹಿಂದಿನ ಎರಡು ಸಲವೂ ತಟ್ಟೆಯ ತುಂಬ ಚುಕ್ಕೆಗಳೆದ್ದಿದ್ದವು. ಮೂರನೆಯ ಸಲವೂ ಹೀಗಾದರೆ ವಂಶವೆಲ್ಲ ಸೂಕ್ಷ್ಮಜೀವಿಗಳನ್ನು ಬೇಯಿಸಿ ಕೊಲ್ಲುವ ಹಬೆಯ ಪಾತ್ರೆಗೆ, ಸೊಸೆ ಮನೆಗೆ. ಸಮಿತಿಯವರು ಈ ಸಲ ಕಾವಲಿಗೆ ಒಬ್ಬ ಪರಿಶೀಲಕರನ್ನೂ ಕಳಿಸಿದರು. ಬಿಗಿಯಾದ ಟೈ, ಅದಕ್ಕಿಂತ ಬಿಗಿಯಾದ ಮುಖ.

ಸೊಸೆ ಕೈತೊಳೆಯಲು ಹೋಗಿದ್ದಾಗ ಗಾಜು ತೊಳೆಯುವಾಕೆ ತೊಟ್ಟಿಲ ಕಡೆ ಸರಿದು ಏನೋ ಉದುರಿಸಿದ್ದನ್ನು ಕಂಡೆ.

"ಅಯ್ಯೋ, ನೋಡ್ಬಿಟ್ರಾ ಅಮ್ಮಾ?"

"ನೋಡ್ದೆ."

"ಒಂದೇ ಚಿಟಿಕೆ ಕಣಮ್ಮಾ. ಅಳುಮುಂಜಿ ಮುಖ ನೋಡಿ, ಹೇಗೆ ಬಾಡಿದೆ."

"ಅದಕ್ಕೆ ಮುಖ ಎಲ್ಲಿದೆಯೇ?"

"ನೋಡೋ ಮನಸ್ಸಿದ್ರೆ ಕಾಣ್ಸುತ್ತೆ ಬಿಡಿ."

ಅವಳಿಗೆ ಬುದ್ಧಿ ಹೇಳಿಸಬೇಕೆಂದು ದೊಡ್ಡವರನ್ನು ಹುಡುಕಿಕೊಂಡು ಹೋದೆ. ಅವರು ಆಗಲೇ ಇನ್ನೊಂದು ಬಾಗಿಲಿಂದ ಬಂದು ತೊಟ್ಟಿಲ ಹತ್ತಿರ ನಿಂತಿದ್ದರು. ಕೈಯಲ್ಲಿ ಕನ್ನಡಕದ ಡಬ್ಬಿ. ಡಬ್ಬಿಯೊಳಗೆ ಕನ್ನಡಕವಿರಲಿಲ್ಲ, ಅದು ಮೂಗಿನ ಮೇಲೇ ಇತ್ತು.

"ನಾನು ಗುಮ್ಮನಿಗೆ ಮಾತ್ರ ಹಾಕೋದು," ಎಂದರು, ನಾನು ಏನೂ ಕೇಳದಿದ್ದರೂ. "ಪಾಪ, ಬಾಯಿಬಿಟ್ಟು ಕೇಳಲ್ಲ ಅದು. ಉಳಿದ ಇಬ್ರು ಸಾಯ್ತಾರಲ್ಲ, ಸಾಲ್ದಾ?"

"ಒಂದು ಚುಕ್ಕೆ ಬಂದ್ರೂ ಫೇಲು ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ," ಎಂದರು ದುಃಖದಿಂದ. "ಆಗ ನನಗೆ ಗುಮ್ಮನ ಪರಿಚಯ ಇರ್ಲಿಲ್ಲ."

ಉಳಿದದ್ದು ಪರಿಶೀಲಕರು. ಬೇಲಿಯಾದರೂ ಗಟ್ಟಿಯಾಗಿದೆಯಲ್ಲ ಎಂದುಕೊಂಡೆ. ಮಾರನೆಯ ದಿನ ಅವರು ಬಹಳ ಮರ್ಯಾದೆಯಿಂದ, "ಅಮ್ಮಾ, ಸ್ವಲ್ಪ ಕುಡಿಯೋ ನೀರು ಸಿಗಬಹುದಾ?" ಎಂದರು. ಲೋಟ ಹಿಡಿದು ಬರುವಷ್ಟರಲ್ಲಿ ಅವರ ಕಪ್ಪು ಟೈ ಮೇಲೆ ಬಿಳಿಯ ಧೂಳು.

"ಮುಖಕ್ಕೆ ಪೌಡರ್ ಹಾಕ್ತೀನಿ," ಎಂದರು.

ನಾನು ಸುಮ್ಮನೆ ನೋಡಿದೆ. ಮೂವತ್ತು ವರ್ಷ ಪರೀಕ್ಷಾ ಕೋಣೆಯಲ್ಲಿ ಹೀಗೇ ಸುಮ್ಮನೆ ನೋಡಿ ಎಷ್ಟೋ ಚೀಟಿಗಳನ್ನು ಹೊರತೆಗೆಸಿದ್ದೇನೆ.

"ಆ ಮೊಂಡ ಥೇಟ್ ನನ್ನ ತಮ್ಮನ ಥರ ಅಮ್ಮಾ," ಎಂದು ಕರಗಿದರು. "ಸಿಟ್ಟು ಬಂದ್ರೆ ಊಟ ಬಿಟ್ಟು ಕೂತ್ಕೊಳ್ಳೋನು. ನಾನೇ ತುತ್ತು ಮಾಡಿ ತಿನ್ನಿಸ್ಬೇಕಿತ್ತು."

ಬೇಲಿಯೇ ಎದ್ದು ಹೊಲಕ್ಕೆ ಗೊಬ್ಬರ ಹಾಕುತ್ತಿತ್ತು! ಇನ್ನು ಸೊಸೆಗೆ ಹೇಳದೆ ವಿಧಿಯಿಲ್ಲ ಎಂದು ಸಂಜೆ ಅವಳನ್ನು ಕರೆಯಲು ಹೋದೆ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ತೋಳು ಮಡಚಿ, ತೊಟ್ಟಿಲ ಮೇಲೆ ಬಗ್ಗಿ, "ನಿನಗಿಷ್ಟು, ನಿನಗಿಷ್ಟು, ಜಗಳ ಆಡ್ಬೇಡಿ," ಎನ್ನುತ್ತಿದ್ದಳು.

"ನೀನೂ ಏನೇ?"

ಬೆಚ್ಚಿಬಿದ್ದು ತಿರುಗಿದಳು. ಮೂಗಿನ ತುದಿಯಲ್ಲಿ ಪುಡಿ.

"ನಿನ್ನ ಕೆಲಸ ಹೋಗುತ್ತಲ್ಲೇ ಹುಚ್ಚಿ! ಇವುಗಳ ವಂಶವೇ ಹೋಗುತ್ತೆ!"

"ಗೊತ್ತು ಅತ್ತೆ. ದಿನಾ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡ್ಕೊಂಡೇ ಬರ್ತೀನಿ. ಮೊಂಡನ್ನ ನೋಡಿದ ತಕ್ಷಣ..." ಎಂದು ಅತ್ತಳು. ಅಳು ನಿಂತ ಮೇಲೆ ಕೇಳಿದಳು, "ನೀವು ಯಾವುದಕ್ಕೆ ಹಾಕ್ತಿದ್ದೀರಿ?"

"ನಾನು ಹಾಕೇ ಇಲ್ಲ."

ಅವಳು ನನ್ನನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

ಮರುದಿನ ಎಲ್ಲರನ್ನೂ ಸೇರಿಸಿ ಕಂಡದ್ದನ್ನು ಹೇಳಿದೆ. ಒಬ್ಬೊಬ್ಬರಾಗಿ ಬಚ್ಚಿಟ್ಟದ್ದನ್ನು ಮೇಜಿನ ಮೇಲೆ ಸುರಿದರು. ಕನ್ನಡಕದ ಡಬ್ಬಿ, ಕೈಗವಸಿನ ಬೆರಳು, ಪೆನ್ನಿನ ಮುಚ್ಚಳ, ಪರಿಶೀಲಕರ ಜೇಬಿನ ಕರವಸ್ತ್ರ. ಬೀಗ ಹಾಕಿದ ಕಪಾಟಿನಲ್ಲಿದ್ದುದಕ್ಕಿಂತ ಹೆಚ್ಚು ಪುಡಿ ಹೊರಗೇ ಇತ್ತು. ಉಪವಾಸವಿದ್ದ ಆ ಮೂವರು ಉಳಿದ ಸೀಸೆಗಳಿಗಿಂತ ಮೈಕೈ ತುಂಬಿಕೊಂಡದ್ದು ಹೇಗೆಂದು ಆಗ ತಿಳಿಯಿತು. ಉಪವಾಸವೇ ನಡೆದಿಲ್ಲವಾದ್ದರಿಂದ ಪರೀಕ್ಷೆ ಇನ್ನೂ ಶುರುವಾಗಿಲ್ಲವೆಂದು ಪರಿಶೀಲಕರು ತೀರ್ಪು ಕೊಟ್ಟರು. ಇನ್ನು ಕಾಯುವವರು ಯಾರು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ಸ್ಟೂಲಿನ ಕಡೆ ತಿರುಗಿತು.

"ಅತ್ತೆ ಕೂರ್ತಾರೆ," ಎಂದಳು ಸೊಸೆ ಸಣ್ಣ ದನಿಯಲ್ಲಿ. "ಅವರ ಕೈ ಮಾತ್ರ ಗಟ್ಟಿ."

ಹಾಗೆ ನಾನು ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಬೀಗ ಹಾಕಿ ಬೀಗದ ಕೈಯನ್ನು ಮನೆಗೆ ಒಯ್ಯುವವಳಾದೆ. ಗಾಜು ತೊಳೆಯುವಾಕೆ ಮಾತು ಬಿಟ್ಟಳು. ದೊಡ್ಡವರು ಬಾಗಿಲಿನ ಗಾಜಿಗೆ ಮೂಗೊತ್ತಿ, "ಗುಮ್ಮ ಹೇಗಿದ್ದಾನೆ?" ಎಂದು ಬಾಯಾಡಿಸಿ ಕೇಳುತ್ತಿದ್ದರು. ನಾನು ಹೋಗಿ ಎಂದು ಕೈಯಾಡಿಸುತ್ತಿದ್ದೆ. ಅಳುಮುಂಜಿಯ ನೊರೆ ಮೊದಲು ಇಳಿಯಿತು. ಸುಮ್ಮನಿರಲಾರದೆ ಮೂವರಿಗೂ ಹಳೆಯ ರಾಜರ ಪಾಠ ಹೇಳತೊಡಗಿದೆ. ನನ್ನ ಪಾಠಕ್ಕೆ ಸದ್ದಿಲ್ಲದೆ ಬಾಡುವುದು ಮಕ್ಕಳಿಗೆ ಹೊಸದೇನಲ್ಲ.

ಒಂದು ದಿನ ಊಟದ ಚೀಲದೊಳಗೆ ಕೈ ಹಾಕಿದರೆ ಕಾಗದದ ಸಣ್ಣ ಪೊಟ್ಟಣ ಸಿಕ್ಕಿತು. ಯಾರು ಇಟ್ಟರೋ! ಸೊಸೆಯೇ ಇಟ್ಟಿರಬಹುದು, ಮಡಿಕೆ ಅವಳು ಮಡಿಸುವ ಹಾಗೆಯೇ ಇತ್ತು. ಮೊಂಡನೊಬ್ಬ ಇನ್ನೂ ಮಬ್ಬಾಗಿ ಉಸಿರಾಡುತ್ತಿದ್ದ. ಉಸಿರಾಡುತ್ತಿದ್ದ ಎಂದು ನಾನೂ ಬರೆಯುತ್ತಿದ್ದೇನೆ ನೋಡಿ. ಪೊಟ್ಟಣ ಬಿಚ್ಚಿದೆ. ಎದ್ದು ತೊಟ್ಟಿಲ ತನಕ ಹೋದೆ. ಸೀಸೆಯ ಮೇಲೆ ಸೊಸೆಯ ದುಂಡನೆಯ ಅಕ್ಷರಗಳು. ಇಲ್ಲಿ ಒಂದು ಚಿಟಿಕೆ ಬಿದ್ದರೆ ನಾಳೆ ಅವಳು ಮನೆಯ ಮೂಲೆ ಹಿಡಿದು ಕೂರುವಳು. ತಿರುಗಿ ಬಂದು ಪುಡಿಯನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡೆ. ಎರಡು ಸಲ ತೊಳೆದೆ.

"ಮಲಗಪ್ಪಾ ಮೊಂಡ," ಎಂದೆ. "ನಿನ್ನ ತಮ್ಮಂದಿರು ಬದುಕ್ಲಿ."

ತಟ್ಟೆಯಲ್ಲಿ ಒಂದು ಚುಕ್ಕೆಯೂ ಬೆಳೆಯಲಿಲ್ಲ. ಪರಿಶೀಲಕರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ತೃಪ್ತಿಕರ," ಎಂದು ಮುಖ ಮುಚ್ಚಿಕೊಂಡರು. ಒಪ್ಪಿಗೆ ಸಿಕ್ಕಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬರುವಾಗ ರಸ್ತೆ ದಾಟಲು ನನ್ನ ಕೈ ಹಿಡಿದ ಸೊಸೆ ದಾಟಿದ ಮೇಲೂ ಬಿಡಲಿಲ್ಲ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಎಂದಿನಂತೆ ಊಟದ ಡಬ್ಬಿ ಹಿಡಿದು ಹೋದೆ. ಸ್ಟೂಲಿನ ಮೇಲೆ ಒಂದು ಮೆತ್ತೆ ಬಂದಿತ್ತು. ಗಾಜು ತೊಳೆಯುವಾಕೆ ನನ್ನ ಕಡೆ ನೋಡದೆ ಗಾಜನ್ನು ಜೋರಾಗಿ ಉಜ್ಜುತ್ತಿದ್ದಳು. ತೊಟ್ಟಿಲಲ್ಲಿ ಒಡಹುಟ್ಟುಗಳಿಂದ ಬೆಳೆಸಿದ ಹೊಸ ಸೀಸೆಯೊಂದು ತೂಗಾಡುತ್ತಿತ್ತು. ಅದರ ಪಟ್ಟಿಯ ಮೇಲೆ ದುಂಡನೆಯ ಅಕ್ಷರಗಳಲ್ಲಿ 'ಅತ್ತೆ' ಎಂದು ಬರೆದಿತ್ತು.

"ಇದೇನೇ ಇದು?"

"ಸಮಿತಿಯವರು ವರ್ಷಕ್ಕೊಂದು ಸಲ ಇದೇ ಪರೀಕ್ಷೆ ಮಾಡ್ಬೇಕು ಅಂದಿದ್ದಾರೆ," ಎಂದಳು ಸೊಸೆ, ಬಾಯಿತುಂಬ ಅನ್ನ ಇಟ್ಟುಕೊಂಡು. "ಎಲ್ರೂ ಸೇರಿ ಯೋಚನೆ ಮಾಡಿ ಈ ಹೆಸರಿಟ್ವಿ. ಸೊಸೆ ಕೈಯಲ್ಲಿ ಅತ್ತೇನ ಉಪವಾಸ ಕೆಡವೋದು ಏನು ಮಹಾ ಕಷ್ಟ ಹೇಳಿ?"

ದೊಡ್ಡವರು ನಕ್ಕರು. ಗಾಜು ತೊಳೆಯುವಾಕೆಯ ಬೆನ್ನೂ ಕುಲುಕಿತು. ಸೊಸೆ ಮಾತ್ರ ನಗುನಗುತ್ತಲೇ ಎಡಗೈ ಚಾಚಿ, ಸೀಸೆಯ ಮುಚ್ಚಳ ಸರಿಸಿ, ಎರಡು ಚಿಟಿಕೆ ಪುಡಿ ಹಾಕಿದಳು.

"ಒಂದೇ ಸಾಕಲ್ವೇನೇ?" ಎಂದೆ.

"ವಯಸ್ಸಾದೋರು," ಎಂದಳು, ಅನ್ನ ಕಲಸುತ್ತ.