ಮೂರು ಸಲ ಬೆಲ್

"ಕತ್ತರಿ ಬೇಡ, ಬ್ಲೇಡ್ ಕೊಡು. ಕತ್ತರಿ ಆಡಿಸಿದ್ರೆ ಬಟ್ಟೆಗೇ ಪೆಟ್ಟು," ಎಂದು ತಂಗಿ ಅಂಗಿಯ ತೋಳಿನ ಹೊಲಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಸತ್ತವಳ ಮಗಳು ಹೊಲಿಗೆಯಂತ್ರದ ಖಾನೆಯಲ್ಲಿ ತಡಕಾಡಿ ಬ್ಲೇಡ್ ತಂದುಕೊಟ್ಟಳು. ಒಳಕೋಣೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ಬಲಗೈ ಬಾತುಕೊಂಡು ನೀಲಿ ಅಂಗಿಯ ತೋಳು ಮೊಣಕೈಯಿಂದ ಮೇಲೆ ಏರುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಸ್ಮಶಾನದ ಗಾಡಿ ಬರುವುದಿತ್ತು. ಬೇರೆ ಅಂಗಿ ಹಾಕಬಹುದಲ್ಲ ಎಂದು ಯಾರೋ ಅಂದಾಗ ಮಗಳು, "ಅಮ್ಮ ತನಗೇ ಅಂತ ಹೊಲ್ಕೊಂಡಿದ್ದು ಇದೊಂದೇ," ಎಂದಿದ್ದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ತಂಗಿ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಒಳಗೆ ಮಡಿಸಿದ್ದ ಬಟ್ಟೆ ಹೊರಗಿನದಕ್ಕಿಂತ ಗಾಢ ನೀಲಿಯಾಗಿತ್ತು. ಅದು ಬಿಸಿಲನ್ನೇ ಕಂಡಿರಲಿಲ್ಲ.

"ಒಂದೂವರೆ ಇಂಚಿದೆ ನೋಡು. ಬೇರೆಯವರು ಅರ್ಧ ಇಂಚು ಬಿಟ್ರೆ ಹೆಚ್ಚು. ನಿಮ್ಮಮ್ಮ ಮಾತ್ರ, 'ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ ಕಣೇ, ಒಳಗೆ ಬಟ್ಟೆ ಬಿಟ್ಟಿರಬೇಕು' ಅನ್ನೋಳು."

"ದಪ್ಪ ಆಗ್ತೀನಿ ಅಂತ ಬಿಟ್ಟಿದ್ದು," ಎಂದಳು ಮಗಳು. "ಹೀಗೆ ಉಪಯೋಗಕ್ಕೆ ಬರುತ್ತೆ ಅಂತಲ್ಲ."

ಅವಳ ಕೈಯಲ್ಲಿ ಪೊಲೀಸರು ಕೊಟ್ಟ ನಾಲ್ಕು ಮಡಿಕೆಯ ಕಾಗದವಿತ್ತು. ಬೆಳಗಿನಿಂದ ಅದನ್ನು ಎಷ್ಟು ಸಲ ಬಿಚ್ಚಿ ಮಡಿಸಿದ್ದಳೋ, ಮಡಿಕೆಗಳು ಹರಿಯಲು ಶುರುವಾಗಿದ್ದವು.

"ಅದನ್ನ ಒಳಗಿಡು ಮಾರಾಯ್ತಿ."

"'ಸೈಕಲ್ ಸವಾರಳು ರಸ್ತೆಯ ಕಡೆ ಗಮನ ಕೊಡದೆ ಪಕ್ಕಕ್ಕೆ ನೋಡುತ್ತಿದ್ದುದೇ ಅಪಘಾತಕ್ಕೆ ಕಾರಣ.' ಅಮ್ಮ ಪಕ್ಕಕ್ಕೆ ಯಾಕೆ ನೋಡ್ತಾಳೆ ಚಿಕ್ಕಮ್ಮ? ಇಪ್ಪತ್ತಾರು ವರ್ಷ ಅದೇ ರಸ್ತೇಲಿ ಓಡಾಡಿದೋಳು. ನಾನು ಹಿಂದೆ ಕೂತ್ಕೊಂಡು 'ಅಮ್ಮ, ಅಲ್ಲಿ ನೋಡು' ಅಂತ ಕೈ ತೋರಿಸಿದ್ರೂ ತಿರುಗ್ತಿರಲಿಲ್ಲ."

ತಂಗಿ ಇನ್ನೊಂದು ಹೊಲಿಗೆಗೆ ಬ್ಲೇಡ್ ಹಾಕಿದಳು.

"ನಾಳೆ ಸಂಜೆಯೊಳಗೆ ತಕರಾರು ಬರ್ಕೊಡಬೇಕಂತೆ. ಕಣ್ಣಾರೆ ನೋಡಿದವರು, ಕಿವಿಯಾರೆ ಕೇಳಿದವರು ಯಾರಾದ್ರೂ ಹೇಳಿಕೆ ಕೊಡಬೇಕು. ಇಲ್ದಿದ್ರೆ ಇದೇ ಖಾಯಂ. ಸತ್ತಿದ್ದು ಅವಳ ತಪ್ಪಿನಿಂದ ಅಂತ. ಅಷ್ಟು ಅಂಗಡಿ ಇದಾವೆ, ಒಬ್ಬರೂ ನೋಡಲಿಲ್ವಾ?"

ಬ್ಲೇಡ್ ಜಾರಿ ಬೆರಳಿಗೆ ತಾಗಿತು. ತಂಗಿ ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ನಾನು ಒಳಗಿದ್ದೆ," ಎಂದಳು, ಬೆರಳು ಬಾಯಲ್ಲಿರುವಾಗಲೇ.

"ಗೊತ್ತು ಬಿಡು. ಪೊಲೀಸರಿಗೂ ಅದನ್ನೇ ಹೇಳಿದ್ಯಲ್ಲ."

*

ಅಕ್ಕನದು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ. ಹರಿದ ಚಾದರಗಳಿಗೆ ತೇಪೆ ಹಾಕುವುದು, ರೋಗಿಗಳ ಅಂಗಿಗೆ ಕಿತ್ತುಹೋದ ಲಾಡಿ ಹೊಲಿಯುವುದು. ಭಾನುವಾರ ತಂಗಿಯ ಪರದೆ ಅಂಗಡಿಗೆ ಬಂದ ಆರ್ಡರುಗಳನ್ನು ಮನೆಯಲ್ಲೇ ಹೊಲಿದುಕೊಡುತ್ತಿದ್ದಳು. ಪ್ರತಿದಿನ ಒಂಬತ್ತೂಕಾಲಿಗೆ ಅವಳ ಸೈಕಲ್ ಅಂಗಡಿಯ ಮುಂದೆ ಹಾಯುತ್ತಿತ್ತು. ಎರಡು ಸಲ ಬೆಲ್. ಒಳಗಿಂದ ತಂಗಿ ಕೈ ಎತ್ತುತ್ತಿದ್ದಳು. ಅಷ್ಟೇ. ತಾಯಿಯ ಕಿವಿಯೋಲೆ ಯಾರಿಗೆ ಎಂಬ ವಿಷಯಕ್ಕೆ ಇಬ್ಬರೂ ಎರಡು ವರ್ಷ ಮಾತು ಬಿಟ್ಟಿದ್ದಾಗಲೂ ಬೆಲ್ ಬಿಟ್ಟಿರಲಿಲ್ಲ, ಕೈಯೂ ಬಿಟ್ಟಿರಲಿಲ್ಲ.

ಆ ರಸ್ತೆಗೆ ಸೈಕಲ್ ದಾರಿ ಬಂದಾಗ ಅಂಚಿನುದ್ದಕ್ಕೂ ಸೊಂಟದೆತ್ತರದ ರಬ್ಬರ್ ಕಂಬಗಳನ್ನು ನೆಟ್ಟರು. ಬಸ್ಸು ಆ ಕಡೆ, ಸೈಕಲ್ ಈ ಕಡೆ. ಮೊದಲ ವಾರವೇ ಅಕ್ಕ ಸಂಜೆ ಅಂಗಡಿಗೆ ಬಂದು, ಕಾಲು ಚಾಚಿ ಬಟ್ಟೆಯ ಸುರುಳಿಗಳ ಮೇಲೆ ಕೂತಳು.

"ಇವತ್ತು ನಿನ್ನ ಮುಖ ನೋಡಿದೆ ಕಣೇ ಪುಟ್ಟಿ."

"ದಿನಾ ನೋಡೋ ಮುಖ."

"ಎಲ್ಲಿ ನೋಡ್ತಿದ್ದೆ? ಕಣ್ಣೆಲ್ಲ ರಸ್ತೆ ಮೇಲೆ, ಬೆನ್ನೆಲ್ಲ ಬಸ್ಸಿನ ಮೇಲೆ. ಇಷ್ಟು ವರ್ಷ ಬರೀ ಬೆಲ್ ಹೊಡ್ಕೊಂಡು ಹೋಗಿದ್ದೀನಿ. ನೀನು ಕೈ ಎತ್ತಿರ್ತೀಯ ಅಂತ ನಂಬಿಕೆ, ಅಷ್ಟೇ. ಈಗ ಕುತ್ತಿಗೆ ತಿರುಗಿಸಬಹುದು." ನಕ್ಕಳು. "ನಿನಗೆ ಕೂದಲು ಬೆಳ್ಳಗಾಗಿದೆ. ಹೇಳಲೇ ಇಲ್ಲ."

ಅಕ್ಕನ ಕುತ್ತಿಗೆ ತಿರುಗಿತು, ಅಂಗಡಿಯ ವ್ಯಾಪಾರವೂ ತಿರುಗಿತು. ಕಂಬದಿಂದಾಗಿ ಮುಂದೆ ಗಾಡಿ ನಿಲ್ಲದಿದ್ದರೆ ಪರದೆ ಕೊಳ್ಳುವವರು ಭಾರದ ಸುರುಳಿ ಹೊತ್ತು ಎರಡು ಬೀದಿ ನಡೆಯುತ್ತಾರೆಯೇ? ಗಾಡಿ ನಿಲ್ಲಿಸಲು ಜಾಗವಿದ್ದ ಅಂಗಡಿಗಳಿಗೆ ಹೋದರು. ಅಂಗಡಿಯವರೆಲ್ಲ ಸೇರಿ ಕಂಬ ಕೀಳಬೇಕೆಂದು ಅರ್ಜಿ ಬರೆದರು. ಬೇಕರಿಯವರು ಮುಂದಾಳು. ಎದುರು ಪಕ್ಷಕ್ಕೆ ಸೈಕಲ್ ಸಂಘದ ಮೇಷ್ಟ್ರು. ಶಾಲೆಯ ಸಭಾಂಗಣದಲ್ಲಿ ಸಭೆ ಸೇರಿದಾಗ ಕೊನೆಯ ಸಾಲಿನಿಂದ ಅಕ್ಕ ಎದ್ದು ನಿಂತಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಕೆಲಸದಿಂದ ನೇರ ಬಂದಿದ್ದಳು.

"ಒಂದು ಮಾತು," ಎಂದಳು. "ನಾನು ಅಳೆದಿದ್ದೀನಿ. ಸೈಕಲ್ ಹ್ಯಾಂಡಲ್ಲಿಗೂ ಬಸ್ಸಿಗೂ..."

"ಯಾರಿಗಮ್ಮಾ ಅಂಗಿ, ಬಸ್ಸಿಗಾ?" ಎಂದು ಯಾರೋ ಕೂಗಿದರು. ಸಭೆ ನಕ್ಕಿತು.

ತಂಗಿ ಹಿಂದಕ್ಕೆ ಹೋಗಿ ಅವಳ ಮೊಣಕೈ ಹಿಡಿದು ಎಳೆದಳು. "ಕೂತ್ಕೋ ಅಕ್ಕ. ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೀಬೇಡ."

ಅಕ್ಕ ಕೂತಳು. ಟೇಪನ್ನು ಸುರುಳಿ ಸುತ್ತಿ ಮುಷ್ಟಿಯಲ್ಲಿ ಇಟ್ಟುಕೊಂಡಳು. ಆ ಅಳತೆ ಎಷ್ಟೆಂದು ತಂಗಿ ಆಮೇಲೂ ಕೇಳಲಿಲ್ಲ.

ಅದಾದ ಮೂರನೇ ದಿನ ಅರ್ಜಿ ಹಿಡಿದುಕೊಂಡು ತಂಗಿಯೇ ಅಕ್ಕನ ಅಡುಗೆಮನೆಗೆ ಹೋದಳು. ಅಕ್ಕ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, "ಎಲ್ಲಿ ಹಾಕ್ಬೇಕು?" ಎಂದಳು.

"ಓದ್ಬಾರ್ದಾ ಒಂದ್ಸಲ?"

"ಓದಿದ್ರೆ ಹಾಕೋಕಾಗಲ್ಲ," ಎಂದು ಸಹಿ ಹಾಕಿ ಒಲೆ ದೊಡ್ಡದು ಮಾಡಿದಳು.

ಕಂಬಗಳನ್ನು ಹನ್ನೊಂದು ಅಂಗಡಿಗಳ ಮುಂದೆ ಮಾತ್ರ ಕಿತ್ತರು. ಕಂಬವಿದ್ದ ಕಡೆ ಟಾರು ತುಂಬಿದರು. ಅಷ್ಟು ಉದ್ದಕ್ಕೂ ಕಪ್ಪು ಬೊಟ್ಟುಗಳು ಉಳಿದವು. ಅಕ್ಕನ ಕುತ್ತಿಗೆಗೆ ಅಂಟಿದ ಅಭ್ಯಾಸ ಮಾತ್ರ ಉಳಿದೇ ಇತ್ತು.

*

ತೋಳು ಈಗ ಏರಿತು. ಇಬ್ಬರೂ ಸೇರಿ ಗುಂಡಿ ಹಾಕಿದರು. ಹಜಾರದಲ್ಲಿ ಆಸ್ಪತ್ರೆಯ ಬಟ್ಟೆ ಕೋಣೆಯ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅವರಲ್ಲೊಬ್ಬಳು ಅಳದೆ, ಸುದ್ದಿ ಹೇಳುವ ದನಿಯಲ್ಲಿ ಪಕ್ಕದವಳಿಗೆ ಹೇಳುತ್ತಿದ್ದಳು: "ಆಸ್ಪತ್ರೇಲಿ ಅವಳ ಮೇಲೆ ಹೊದಿಸಿದ್ದ ಚಾದರದ ಮೂಲೇಲಿ ತೇಪೆ ಇತ್ತು. ಅವಳದೇ ಕೈ. ನಾನು ನೋಡಿದ ತಕ್ಷಣ ಗುರುತು ಹಿಡಿದೆ."

ಬಾಗಿಲಲ್ಲಿ ಮೇಷ್ಟ್ರು ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದರು. ಬೇಕರಿಯವರು ಚಪ್ಪಲಿ ಬಿಡುತ್ತಿದ್ದವರು ಅವರನ್ನು ಕಂಡು ಒಂದನ್ನು ಮತ್ತೆ ಮೆಟ್ಟಿಕೊಂಡರು.

"ಒಂದು ಫೋಟೋ ಕೊಟ್ರೆ ಸಾಕಮ್ಮ," ಎಂದು ಮೇಷ್ಟ್ರು ಮಗಳಿಗೆ ಮೆಲ್ಲಗೆ ಹೇಳಿದರು. "ಆ ಜಾಗದಲ್ಲಿ ಬಿಳಿ ಬಣ್ಣ ಹೊಡೆದ ಸೈಕಲ್ ನಿಲ್ಲಿಸಿ, ನೆನಪಿಗೆ ಬೋರ್ಡು ಹಾಕ್ತೀವಿ. ಕಂಬ ಕಿತ್ತ ಮೇಲೆ ಹೋದ ಮೊದಲ ಜೀವ."

"ಹೆಣ ಇನ್ನೂ ಮನೇಲಿದೆ ಮೇಷ್ಟ್ರೇ. ಬೋರ್ಡು ನಾಳೆ ಬರೆಸಿದ್ರಾಗಲ್ವಾ?" ಎಂದರು ಬೇಕರಿಯವರು.

"ನಾಳೆ ಇನ್ನೊಬ್ಬರು ಹೋಗಬಾರದು ಅಂತಲೇ ಇವತ್ತು ಬಂದೆ."

"ಬರೆಸಿ, ಧಾರಾಳವಾಗಿ ಬರೆಸಿ. ಕೆಳಗೆ ಇದನ್ನೂ ಸೇರಿಸಿ. ಕಂಬ ಬೇಡ ಅಂತ ಈಯಮ್ಮನೂ ಸಹಿ ಹಾಕಿದ್ರು. ನಲವತ್ತೊಂದನೇ ಸಹಿ. ಬೇಕಾದ್ರೆ ಅರ್ಜಿ ತೋರಿಸ್ತೀನಿ."

ಮೇಷ್ಟ್ರು ಹೊರಡಲು ತಿರುಗಿದರು. ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡರು, ಸಾವಿನ ಮನೆಯೆಂದು ನೆನಪಾಗಿ ಮತ್ತೆ ತೆಗೆದರು.

"ಅಮ್ಮನಾ?" ಎಂದಳು ಮಗಳು. "ದಿನಾ ಸೈಕಲ್ಲಲ್ಲಿ ಹೋಗೋಳು, ಅಮ್ಮ?" ಬೇಕರಿಯವರನ್ನು ಬಿಟ್ಟು ಅವಳು ಚಿಕ್ಕಮ್ಮನ ಕಡೆ ನೋಡಿದಳು.

"ಹಾಕಿದ್ಲು," ಎಂದಳು ತಂಗಿ. "ನಾನು ಹಾಕಿಸ್ದೆ."

ಮಗಳು ಒಳಕೋಣೆಗೆ ಹೋದಳು. ತಂಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಬೆರಳಿನ ಗಾಯವನ್ನು ನೀರಿಗೆ ಹಿಡಿದಳು. ಹಿಂದೆಯೇ ಬೇಕರಿಯವರು ಬಂದರು.

"ಬಾಯಿ ತಪ್ಪಿ ಬಂತು. ಮನಸ್ಸಿಗೆ ಹಚ್ಕೋಬೇಡಿ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಕಾರಿನ ವಿಷಯ..."

ತಂಗಿ ನಲ್ಲಿ ನಿಲ್ಲಿಸಿದಳು.

"ಅದು ನಿಂತಿದ್ದು ನನಗೆ ಕಂಡಿತ್ತು. ನಾನು ಹೇಳಿಲ್ಲ, ನೀವೂ ಹೇಳಿಲ್ಲ. ಹಾಗೇ ಇರಲಿ. ಕಂಬ ಕಿತ್ತ ಜಾಗದಲ್ಲಿ ನಾವೇ ಗಾಡಿ ನಿಲ್ಲಿಸಿಕೊಂಡ್ವಿ ಅಂತಾದ್ರೆ ನಾಳೆನೇ ಕಂಬ ವಾಪಸ್ ಬರುತ್ತೆ. ಹನ್ನೊಂದು ಮನೆ ಹೊಟ್ಟೆಪಾಡು. ಹೋದ ಜೀವ ಅಂತೂ ಬರಲ್ಲ."

"ಅವಳು ಪಕ್ಕಕ್ಕೆ ನೋಡಿ ಸತ್ಲು ಅಂತ ಬರ್ದಿದ್ದಾರೆ."

"ನೋಡಿದ್ದು ನಿಜ ತಾನೇ?" ಎಂದರು ಬೇಕರಿಯವರು. ಆ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ನೋಡಿದ್ದು ನಿಜವಾದ ಮೇಲೆ ಬರೆದದ್ದರಲ್ಲಿ ತಪ್ಪೇನೆಂದು ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

*

ಅಪಘಾತದ ದಿನ, ಸೋಮವಾರ, ಒಂಬತ್ತು ಗಂಟೆ ದಾಟಿತ್ತು. ಮೆರೂನ್ ಬಣ್ಣದ ಕಾರೊಂದು ಅಂಗಡಿಯ ಮುಂದೆ ನಿಧಾನಿಸಿತು. ಒಳಗಿದ್ದ ಹೆಂಗಸು ಗಾಜು ಇಳಿಸಿ, ಸೈಕಲ್ ದಾರಿಯ ಬಿಳಿ ಗೆರೆ ನೋಡಿ ಅನುಮಾನಿಸಿದಳು. ಹೊಸ ಮನೆ, ಹನ್ನೆರಡು ಕಿಟಕಿ ಎಂದು ಹಿಂದಿನ ದಿನ ಫೋನ್ ಮಾಡಿದ್ದವಳು. ತಂಗಿ ಬಾಗಿಲಿಗೆ ಬಂದು ಕೈ ಬೀಸಿ ಕರೆದಳು. "ಇಲ್ಲೇ ಹಾಕಿ ಇಲ್ಲೇ ಹಾಕಿ, ಯಾರೂ ಏನೂ ಅನ್ನಲ್ಲ. ಐದು ನಿಮಿಷ ತಾನೇ."

ಕಾರು ಕಪ್ಪು ಬೊಟ್ಟುಗಳ ಮೇಲೆ ಹತ್ತಿ ನಿಂತಿತು.

ತಂಗಿ ಬಾಗಿಲಿಗೆ ಬೆನ್ನು ಹಾಕಿ ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದಳು. ಎರಡೂ ಕೈಯಲ್ಲಿ ಬಟ್ಟೆ. ಬೆಲ್ ಎರಡು ಸಲ ಆಯಿತು. ತಡಿ, ಇದೊಂದು ಮಡಿಕೆ ಬಿಡಿಸಿ ತಿರುಗುತ್ತೇನೆ ಅಂದುಕೊಂಡಳು. ಆಗ ಬೆಲ್ ಮತ್ತೊಂದು ಸಲ ಆಯಿತು. ಇಷ್ಟು ವರ್ಷಗಳಲ್ಲಿ ಮೂರನೇ ಸಲ ಆದದ್ದೇ ಇಲ್ಲ. ಅದರಲ್ಲಿ ಅವಸರವಾಗಲಿ ಹೆದರಿಕೆಯಾಗಲಿ ಇರಲಿಲ್ಲ. ಎಲ್ಲಿದ್ದೀಯೇ, ಎಂದು ಕೇಳಿದ ಹಾಗಿತ್ತು.

ಆಮೇಲೆ ಬಸ್ಸಿನ ಬ್ರೇಕು.

ಅವಳು ಹೊರಗೆ ಓಡುವಾಗ ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಸುರುಳಿ ಬಿಚ್ಚಿಕೊಳ್ಳುತ್ತ ಹಿಂದೆಯೇ ಮೆಟ್ಟಿಲು ಇಳಿದು ಬಂತು. ಯಾರೋ ಅದನ್ನೇ ಅಕ್ಕನ ತಲೆಯ ಕೆಳಗೆ ಇಟ್ಟರು. ಜನ ಸೇರುವಷ್ಟರಲ್ಲಿ ಕಾರು ಹೋಗಿತ್ತು.

*

ಗಾಡಿಯೊಳಗೆ ಪೆಟ್ಟಿಗೆಯ ಎರಡು ಬದಿಗೂ ಬೆಂಚು. ಒಂದರ ಮೇಲೆ ಮಗಳು, ಎದುರಿನದರ ಮೇಲೆ ತಂಗಿ. ಉಳಿದವರು ಹಿಂದೆ ಬೇರೆ ಗಾಡಿಯಲ್ಲಿ ಬರುತ್ತಿದ್ದರು. ಸ್ಮಶಾನಕ್ಕೆ ಬೇರೆ ದಾರಿಯಿರಲಿಲ್ಲ. ಅಂಗಡಿ ಬೀದಿಯಲ್ಲೇ ಹೋಗಬೇಕಿತ್ತು.

ಕಂಬಗಳಿರುವವರೆಗೆ ಗಾಡಿ ನೇರ ಹೋಯಿತು. ಹನ್ನೊಂದು ಅಂಗಡಿಗಳ ಸಾಲು ಶುರುವಾದ ಕಡೆ ಯಾರದೋ ವ್ಯಾನು ಸೈಕಲ್ ದಾರಿಯಲ್ಲಿ ಅಡ್ಡ ಮೂತಿ ಚಾಚಿ ನಿಂತಿತ್ತು. ಚಾಲಕ ಬೈದುಕೊಂಡು ಹೊರಗಿನಿಂದ ಸುತ್ತಿಸಿದ. ಆ ತಿರುವಿಗೆ ಪೆಟ್ಟಿಗೆ ಜಾರಿತು. ಇಬ್ಬರೂ ಒಟ್ಟಿಗೆ ಕೈ ಚಾಚಿ ಹಿಡಿದರು.

ಮುಂದೆ ಬಸ್ಸು ನಿಂತಿದ್ದರಿಂದ ಗಾಡಿಯೂ ನಿಂತಿತು. ಕಿಟಕಿಯಲ್ಲಿ ಪರದೆ ಅಂಗಡಿಯ ಮುಚ್ಚಿದ ಬಾಗಿಲು ಕಾಣುತ್ತಿತ್ತು.

"ಮೂರು ಸಲ ಬೆಲ್ ಹೊಡೆದ್ಲು," ಎಂದಳು ತಂಗಿ.

ಮಗಳು ತಲೆ ಎತ್ತಿದಳು.

"ದಿನಾ ಎರಡು ಸಲ ಹೊಡೀತಿದ್ಲು. ನಾನು ಕೈ ಎತ್ತಬೇಕು. ಅದು ನಮ್ಮಿಬ್ಬರದು. ಅವತ್ತು ನಾನು ಎತ್ತಲಿಲ್ಲ. ಅದಕ್ಕೇ ಮೂರನೇ ಸಲ ಹೊಡೆದು ತಿರುಗಿ ನೋಡಿದ್ಲು. ನನ್ನನ್ನೇ ನೋಡಿದ್ಲು ಕಣೇ, ಸುಮ್ಮನೆ ಪಕ್ಕಕ್ಕಲ್ಲ. ಅವಳ ದಾರೀಲಿ ಕಾರಿತ್ತು. ಅದನ್ನ ಸುತ್ತಿ ರಸ್ತೆಗೆ ಬರಬೇಕಾಯ್ತು. ಆ ಕಾರನ್ನ ಅಲ್ಲಿ ನಿಲ್ಲಿಸಿ ಅಂತ ಕರೆದೋಳು ನಾನು."

ಹೊರಗೆ ಯಾರೋ ಹಾರ್ನ್ ಹೊಡೆದು, ಯಾವ ಗಾಡಿಯೆಂದು ಕಂಡು ಸುಮ್ಮನಾದರು.

ಮಗಳು ಚಿಕ್ಕಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಾಗದ ತೆಗೆದಳು. ಹರಿದ ಮಡಿಕೆಗಳನ್ನು ಬಿಡಿಸಿ, ಹಿಂಬದಿ ಮೇಲೆ ಬರುವ ಹಾಗೆ ಪೆಟ್ಟಿಗೆಯ ಮುಚ್ಚಳದ ಮೇಲೆ ಹಾಸಿದಳು. ಚೀಲದಿಂದ ಪೆನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು. ಕೈಗೆ ಕೊಡಲಿಲ್ಲ.

"ಬರೀರಿ," ಎಂದಳು.

ತಂಗಿ ಪೆನ್ನು ಎತ್ತಿಕೊಂಡಳು. ಬರೆಯಲು ಗಾಡಿಯೊಳಗೆ ಬೇರೆ ಸಮ ಜಾಗ ಇರಲಿಲ್ಲ. ಬಗ್ಗಿ, ತನ್ನ ಹೆಸರು, ಅಂಗಡಿಯ ವಿಳಾಸ, ಸೋಮವಾರ ಒಂಬತ್ತೂಕಾಲು ಎಂದು ಬರೆದಳು. ಅಂಗಡಿಯವರೆಲ್ಲ ಗೌರವಕ್ಕೆಂದು ಬಾಗಿಲುಗಳಲ್ಲಿ ಬಂದು ನಿಂತಿದ್ದರು. ಗಾಡಿಯ ಕಿಟಕಿಯಲ್ಲಿ ಅವಳನ್ನು ಕಂಡು ಬೇಕರಿಯವರು ಕೈ ಎತ್ತಿದರು. ಅವಳು ತಲೆ ಎತ್ತಲಿಲ್ಲ. ಬಸ್ಸು ಹೊರಟಿತು, ಗಾಡಿ ಕುಲುಕಿ ಮುಂದೆ ಸರಿಯಿತು, ಅಕ್ಷರಗಳು ಗೆರೆ ಬಿಟ್ಟು ಇಳಿದವು. ಮಗಳು ಕಾಗದ ಜಾರದಂತೆ ಎರಡೂ ಮೂಲೆಗಳನ್ನು ಬೆರಳಿನಿಂದ ಒತ್ತಿ ಹಿಡಿದಳು. ಆ ಉಗುರುಗಳಲ್ಲಿ ನೀಲಿ ದಾರದ ಚೂರುಗಳಿದ್ದವು. ಒಂದು ಅಂಗುಲದ ದೂರದಲ್ಲಿದ್ದ ಚಿಕ್ಕಮ್ಮನ ಕೈಗೆ ಅವಳು ಬೆರಳು ತಾಗಿಸಲಿಲ್ಲ.

"ಕಾರಿನ ಬಣ್ಣನೂ ಬರೀರಿ," ಎಂದಳು.