ಹೊಳೆ ಈಜಿದ ಗಾದೆಪ್ಪ ಕಡಲಿಗೆ ಇಳಿದದ್ದು

ಹಿರೇಹಡಗಲಿಯ ಸುತ್ತಮುತ್ತ ಮೆಕ್ಕೆಜೋಳದ ಒಕ್ಕಣೆ ಮುಗಿದರೆ ಜನರಿಗೆ ಒಂದಿಷ್ಟು ಬಿಡುವು. ಆಗ ಊರೂರಿಂದ ಕ್ರೂಸರ್ ಗಾಡಿಗಳು ಸಮುದ್ರದ ಕಡೆ ಹೊರಡುತ್ತವೆ. ಹೋದವರಲ್ಲಿ ಹೆಚ್ಚಿನವರು ಸುಖವಾಗಿ ಮರಳಿ ಬಂದು ಫೋಟೊ ತೋರಿಸುತ್ತಾರೆ. ಆದರೆ ಒಮ್ಮೊಮ್ಮೆ ಗಾಡಿ ಬರುವ ಮೊದಲೇ ಸುದ್ದಿ ಬರುತ್ತದೆ. ಹೋದ ವರ್ಷ ಪಕ್ಕದ ಹಳ್ಳಿಯ ಅಣ್ಣತಮ್ಮಂದಿರಿಬ್ಬರು ಹಾಗೆ ತೀರಿಕೊಂಡರು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವರು ನೋಡನೋಡುತ್ತಲೇ ದೂರವಾದರು ಎಂದು ಜೊತೆಗೆ ಹೋದವರು ಹೇಳಿದರು.

ಅಂದಿನಿಂದ ಗಾದೆಪ್ಪನ ಹೆಂಡತಿ ಮಂಜಮ್ಮನ ಮುಂದೆ ಸಮುದ್ರದ ಮಾತೆತ್ತುವಂತಿರಲಿಲ್ಲ. ಗಾದೆಪ್ಪನಿಗೆ ಮಾತ್ರ ಅಂಥ ಅಂಜಿಕೆ ಇರಲಿಲ್ಲ. ಅವನು ಕುರಿ ಸಾಕುವ ಮನೆತನದವನು. ಎಂಟು ವರ್ಷದ ಹುಡುಗನಾಗಿದ್ದಾಗಲೇ ಕುರಿ ತೊಳೆಯಲು ತುಂಗಭದ್ರೆಗೆ ಇಳಿದವನು. ಹದಿನಾರಕ್ಕೆ ಈಚೆ ದಡದಿಂದ ಆಚೆ ದಡ ಮುಟ್ಟಿ ಬಂದಿದ್ದ. ಬಾವಿಗೆ ಬಿದ್ದ ಇಬ್ಬರನ್ನು ಎತ್ತಿದ್ದ. ಈಗ ನಲವತ್ತಾರಾದರೂ ನೀರಿನ ವಿಷಯ ಬಂದರೆ ಅವನ ಮಾತೇ ಕೊನೆಯ ಮಾತು. ಈಸು ಬರದವರು ಮುಳುಗುತ್ತಾರೆ, ಬಂದವರು ಮುಳುಗುವುದಿಲ್ಲ, ಇಷ್ಟೇ ಅವನ ತಿಳಿವಳಿಕೆ.

ಅಂಥ ಮನೆಯವರು ಡಿಸೆಂಬರಿನಲ್ಲಿ ಕಡಲು ನೋಡಲು ಹೊರಟದ್ದಕ್ಕೆ ಕಾರಣ ಮಂಜಮ್ಮನ ತಮ್ಮ ಹುಲುಗೇಶ. ಕೂಡ್ಲಿಗಿ ಕಡೆಯ ಮಳೆ ಕಾಣದ ಊರಿನಲ್ಲಿ ಹುಟ್ಟಿದವನು. ಇಪ್ಪತ್ತರ ವಯಸ್ಸಿನಲ್ಲಿ ಬಲೆ ಎಳೆಯುವ ಕೂಲಿಗೆಂದು ಉಡುಪಿ ಕಡೆಗೆ ಹೋಗಿ ಮೀನಿನ ಬೋಟು ಹತ್ತಿದ್ದ. ಅಲ್ಲಿಯೇ ಅಲೆಯ ಮೇಲೆ ಹಲಗೆ ಓಡಿಸುವುದನ್ನು ಕಲಿತು, ನೀರಿನಲ್ಲಿ ಸಿಕ್ಕವರನ್ನು ಉಳಿಸುವ ತರಬೇತಿಯನ್ನೂ ಪಾಸು ಮಾಡಿ, ಈಗ ಒಂದು ಸರ್ಫಿಂಗ್ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಅಕ್ಕನಿಗೆ ಸಮುದ್ರವೆಂದರೆ ಭಯ ಎಂದು ಗೊತ್ತಾದಾಗ ಅವನು ಫೋನಿನಲ್ಲಿ, ನೋಡದೆ ಹೆದರುವುದಕ್ಕಿಂತ ನೋಡಿ ತಿಳಿದುಕೊಳ್ಳುವುದು ಮೇಲು, ಈ ತಿಂಗಳು ಅಲೆಗಳು ಸಣ್ಣಗಿರುತ್ತವೆ, ನಾನೇ ಪಕ್ಕದಲ್ಲಿರುತ್ತೇನೆ ಎಂದು ಒತ್ತಾಯಿಸಿದ. ಹರಪನಹಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದ ಮಗಳು ಲಕ್ಷ್ಮಿದೇವಿಗೂ ರಜೆ ಇತ್ತು. ಮಂಜಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಳು.

ಹುಲುಗೇಶನ ಶಾಲೆಯೆಂದರೆ ತೆಂಗಿನ ಗರಿ ಹೊದಿಸಿದ ಒಂದು ಚಪ್ಪರ. ಅದರ ಕೆಳಗೆ ನೀಲಿ, ಹಳದಿ ಹಲಗೆಗಳು ಸಾಲಾಗಿ ನಿಂತಿದ್ದವು. ಬೆಳಿಗ್ಗೆ ಏಳಕ್ಕೆ ಪಾಠ. ಮಂಜಮ್ಮ ಸೀರೆ ಬಿಟ್ಟು ಮಗಳ ಟ್ರ್ಯಾಕ್ ಪ್ಯಾಂಟು, ಶಾಲೆಯವರು ಕೊಟ್ಟ ತುಂಬುತೋಳಿನ ಅಂಗಿ, ಅದರ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಹೊರಗೆ ಬಂದಾಗ ಗಾದೆಪ್ಪನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಅವಳು ಮಾತ್ರ ಒಂದು ಸಲ ಅಂಗಿ ಎಳೆದುಕೊಂಡು ಸರಿ ಮಾಡಿ, ತಮ್ಮನ ಎದುರು ಮರಳಿನ ಮೇಲೆ ಕುಳಿತಳು.

ಹುಲುಗೇಶ ಯಾರನ್ನೂ ನೀರಿಗೆ ಬಿಡಲಿಲ್ಲ. ಈಸು ಬರುತ್ತದೆಯೋ ಇಲ್ಲವೋ, ಮೂರ್ಛೆ, ಉಬ್ಬಸ ಏನಾದರೂ ಉಂಟೋ ಎಂದು ಒಬ್ಬೊಬ್ಬರನ್ನೂ ಕೇಳಿದ. ಆಮೇಲೆ ಅರ್ಧ ತಾಸು ಸುಮ್ಮನೆ ಸಮುದ್ರವನ್ನು ನೋಡಿರಿ, ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ಗಮನಿಸಿರಿ ಎಂದ.

ಗಾದೆಪ್ಪನಿಗೆ ನಗು ಬಂತು. "ನೀರು ನೋಡಾಕ ಇಷ್ಟು ದೂರ ಬರಬೇಕಿತ್ತೇನಲೇ? ನಮ್ಮ ಹೊಳಿ ಕಂಡಿಲ್ಲೇನು ನಾವು?"

"ಹೊಳಿ ನಿಮಗ ಗೊತ್ತೈತಿ ಮಾವ. ಇದು ಬ್ಯಾರೆ," ಎಂದ ಹುಲುಗೇಶ. ಅಕ್ಕನ ಗಂಡನನ್ನು ಅವನು ಮಾವ ಎಂದೇ ಕರೆಯುತ್ತಿದ್ದ. "ಪಾಠಕ್ಕ ಕೂಡದಿದ್ರ ಬ್ಯಾಡ, ಆದ್ರ ಆ ಕೆಂಪು ಬಾವುಟದ ಆಚಿ ಮಾತ್ರ ಇಳಿಬ್ಯಾಡ್ರಿ."

ಗಾದೆಪ್ಪ ಹೂಂ ಎಂದು ಚಪ್ಪರದ ನೆರಳಿಗೆ ಹೋದ. ಅರ್ಧ ತಾಸಿನ ಮೇಲೆ ಮಂಜಮ್ಮ, ಲಕ್ಷ್ಮಿದೇವಿ ಮರಳಿನ ಮೇಲೆ ಬರೆದ ಹಲಗೆಯ ಗೆರೆಯೊಳಗೆ ಬೋರಲು ಮಲಗಿ, ಎದೆಯ ಪಕ್ಕ ಅಂಗೈ ಊರಿ, ಒಂದೇ ಸಲ ಎದ್ದು ಮೊಣಕಾಲು ಬಗ್ಗಿಸಿ ನಿಲ್ಲುವುದನ್ನು ಕಲಿಯತೊಡಗಿದರು. ಗುರುತಿಲ್ಲದ ಜನರ ನಡುವೆ ಹೆಂಡತಿ ಹೀಗೆ ಬಿದ್ದು ಏಳುವುದನ್ನು ನೋಡಲಾಗದೆ ಅವನು ದಂಡೆಗುಂಟ ದಕ್ಷಿಣಕ್ಕೆ ನಡೆದ.

ಮುನ್ನೂರು ಹೆಜ್ಜೆ ಹೋದಮೇಲೆ ಕೆಂಪು ಬಾವುಟ ಸಿಕ್ಕಿತು. ಅದರಾಚೆ ನೋಡಿದರೆ ಗಾದೆಪ್ಪನಿಗೆ ಆಶ್ಚರ್ಯ. ಎಡಕ್ಕೂ ಬಲಕ್ಕೂ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು, ನಡುವೆ ಮಾತ್ರ ಒಂದು ಓಣಿಯಷ್ಟು ಅಗಲದಲ್ಲಿ ನೀರು ಕೆರೆಯಂತೆ ತಣ್ಣಗಿತ್ತು. ಇಂಥ ಒಳ್ಳೆಯ ಜಾಗ ಬಿಟ್ಟು ಅಲೆ ಇರುವಲ್ಲಿ ಜನರನ್ನು ಇಳಿಸುತ್ತಾನಲ್ಲ ಎಂದುಕೊಂಡ. ಬಾವುಟ ಈಸು ಬರದವರಿಗೆ ಇಟ್ಟದ್ದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅಂಗಿ ಬಿಚ್ಚಿಟ್ಟು ಇಳಿದ.

ಸೊಂಟದಷ್ಟು ನೀರಿನವರೆಗೆ ಹಿತವಾಗಿತ್ತು. ಇನ್ನೆರಡು ಹೆಜ್ಜೆಗೆ ಕಾಲಡಿಯ ಮರಳು ಜಾರಿತು. ತೇಲಿದ, ನಾಲ್ಕು ಕೈ ಈಜಿದ. ಮೈ ಹಗುರವಾಗಿ ಸರಸರ ಸಾಗುತ್ತಿತ್ತು, ಅದು ತನ್ನ ತೋಳಿನ ಬಲ ಎಂದೇ ತಿಳಿದ. ತಿರುಗಿ ನೋಡಿದಾಗ ದಂಡೆಯ ಮೇಲೆ ಬಿಟ್ಟ ಅಂಗಿ ಬೊಟ್ಟಿನಷ್ಟು ಕಾಣುತ್ತಿತ್ತು.

ಗಾದೆಪ್ಪ ದಂಡೆಯ ಕಡೆಗೆ ಮುಖ ಮಾಡಿ ಜೋರಾಗಿ ಈಜತೊಡಗಿದ. ಹತ್ತು ಕೈ, ಇಪ್ಪತ್ತು ಕೈ. ಅಂಗಿ ಇನ್ನೂ ಸಣ್ಣದಾಯಿತು. ಉಸಿರು ಸಾಲಲಿಲ್ಲ. ಬಾಯಿಗೆ ಉಪ್ಪುನೀರು ಹೋಯಿತು. ಭುಜ ಕಲ್ಲಾಯಿತು. ನಲವತ್ತಾರು ವರ್ಷದಲ್ಲಿ ನೀರು ಅವನ ಮಾತು ಕೇಳದೆ ಹೋದದ್ದು ಅದೇ ಮೊದಲು.

ಕೂಗಬಹುದಿತ್ತು. ಕೈ ಎತ್ತಬಹುದಿತ್ತು. ಆದರೆ ದೂರದಲ್ಲಿ ಹೆಂಡತಿ ಮಗಳು ಇದ್ದರು, ಭಾವಮೈದುನನಿದ್ದ, ಪರ ಊರಿನ ಜನರಿದ್ದರು. ಇನ್ನೊಂದು ಸಲ ಪ್ರಯತ್ನಿಸಿದರೆ ತಲುಪಿಯೇನು, ಯಾರಿಗೂ ತಿಳಿಯುವುದಿಲ್ಲ ಎಂದು ಮತ್ತೆ ಈಜಿದ. ಆ ಇನ್ನೊಂದು ಸಲ ಅವನ ಉಳಿದ ಶಕ್ತಿಯನ್ನೂ ತಿಂದಿತು. ಕೊನೆಗೆ, ನಾಚುತ್ತಲೇ, ಬಲಗೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದ.

ಅದನ್ನು ಕಂಡವಳು ಮಂಜಮ್ಮ. ನೀರಿನಲ್ಲಿ ಸಹಾಯ ಬೇಕಾದರೆ ಒಂದು ಕೈ ಎತ್ತಬೇಕು ಎಂದು ಅವಳು ಹತ್ತು ನಿಮಿಷದ ಹಿಂದಷ್ಟೇ ಕಲಿತಿದ್ದಳು. ಇಲ್ಲದಿದ್ದರೆ ಗಂಡ ಸುಮ್ಮನೆ ತನ್ನನ್ನು ಕರೆಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದಳಂತೆ. ತಮ್ಮನ ತೋಳು ಹಿಡಿದು ತೋರಿಸಿದಳು. ಅವನು ಹಲಗೆ ಎತ್ತಿಕೊಂಡು ಓಡಿದ, ಇನ್ನೊಬ್ಬ ಮೇಷ್ಟ್ರು ಸೀಟಿ ಊದಿ ಲೈಫ್‌ಗಾರ್ಡ್‌ನನ್ನು ಕರೆದ. ಲಕ್ಷ್ಮಿದೇವಿ ಅಪ್ಪನ ಕಡೆ ನೀರಿಗೆ ನುಗ್ಗಿದಳು. ಮಂಜಮ್ಮ ಮಗಳ ಸೊಂಟ ತಬ್ಬಿ ಹಿಡಿದಳು, ಬಿಡಲಿಲ್ಲ. ನಾವಿಬ್ಬರೂ ಇಳಿದರೆ ಹುಲುಗೇಶ ಮೂವರನ್ನು ತರಬೇಕಾಗುತ್ತದೆ ಎಂದಳಂತೆ. ಇದೆಲ್ಲ ಗಾದೆಪ್ಪನಿಗೆ ಆಮೇಲೆ ಮಗಳು ಹೇಳಿದ್ದು.

ಅವನಿಗೆ ಕೇಳಿಸಿದ್ದು ಹುಲುಗೇಶನ ದನಿ ಮಾತ್ರ. "ಈಸಬ್ಯಾಡ್ರಿ ಮಾವ, ಅಂಗಾತ ತೇಲ್ರಿ. ನಾ ಬಂದೆ."

ತೇಲುವುದು ಅವನಿಗೆ ಬರುತ್ತಿತ್ತು. ಕೈಕಾಲು ಬಿಟ್ಟು ಅಂಗಾತ ಮಲಗಿದ. ಮೂಗಿಗೆ ಗಾಳಿ ಸಿಕ್ಕಿತು. ಸ್ವಲ್ಪ ಹೊತ್ತಿನಲ್ಲೇ ತೋಳಿನ ಕೆಳಗೆ ಹಲಗೆ ಬಂತು. ಹುಲುಗೇಶ ಅವನನ್ನು ಹಲಗೆಗೆ ಒರಗಿಸಿಕೊಂಡು ದಂಡೆಯ ಕಡೆ ಹೋಗಲೇ ಇಲ್ಲ, ದಂಡೆಗೆ ಸಮನಾಗಿ ಅಡ್ಡಕ್ಕೆ ಹೊರಟ. ಅಲೆ ಒಡೆಯುವ ಜಾಗ ಬಂತು. ಅಲ್ಲಿ ಅಲೆಗಳೇ ಇಬ್ಬರನ್ನೂ ಮರಳಿಗೆ ನೂಕಿದವು.

ಗಾದೆಪ್ಪ ಉಪ್ಪುನೀರು ಕಕ್ಕಿ ಕುಳಿತ. ಲೈಫ್‌ಗಾರ್ಡ್ ಅವನ ಉಸಿರಾಟ ನೋಡಿ, ನೀರು ಕುಡಿದವರನ್ನು ಹಾಗೇ ಬಿಡಬಾರದೆಂದು ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ತೋರಿಸಿದ. ಡಾಕ್ಟರು ಮಧ್ಯಾಹ್ನದವರೆಗೆ ಇರಿಸಿಕೊಂಡು, ತೊಂದರೆಯೇನಿಲ್ಲ ಎಂದು ಕಳಿಸಿದರು. ಅಷ್ಟು ಹೊತ್ತೂ ಮಂಜಮ್ಮ ಬೈಯಲಿಲ್ಲ. ಹೊರಗೆ ಬಂದಮೇಲೆ ಒಂದೇ ಮಾತು ಅಂದಳು.

"ನೀವು ಕೈ ಎತ್ತಿದ್ರಿ, ಅದಕ್ಕ ಇವತ್ತು ನನ್ನ ಕೂಡ ಅದೀರಿ. ನಾಚಿಕಿ ಪಡಬ್ಯಾಡ್ರಿ."

ಸಂಜೆ ಹುಲುಗೇಶ ಭಾವನನ್ನು ಒಂದು ಮರಳುದಿಬ್ಬದ ಮೇಲೆ ಕೂರಿಸಿ ಆ ತಣ್ಣನೆಯ ಓಣಿಯನ್ನು ತೋರಿಸಿದ. ಅಲೆಗಳು ದಂಡೆಗೆ ತಂದು ಸುರಿದ ನೀರು ವಾಪಸು ಹೋಗಬೇಕಲ್ಲ, ಅದು ಹೋಗುವ ದಾರಿ ಅದೇ ಎಂದ. ಅಲ್ಲಿ ನೀರು ಕಡಲ ಕಡೆಗೆ ಹರಿದು ತಳ ಆಳವಾಗಿರುವುದರಿಂದ ಅಲೆ ಒಡೆಯುವುದಿಲ್ಲ, ನೋಡಿದವರಿಗೆ ಸುರಕ್ಷಿತ ಜಾಗದಂತೆ ಕಾಣುತ್ತದೆ. ಒಳನಾಡಿನಿಂದ ಬಂದವರು, ಅದರಲ್ಲೂ ಈಸು ಬಲ್ಲವರು, ಹುಡುಕಿಕೊಂಡು ಹೋಗಿ ಅಲ್ಲೇ ಇಳಿಯುತ್ತಾರೆ.

"ಹೊಳ್ಯಾಗ ಸೆಳವು ಸಿಕ್ರ ಎದುರು ಈಸ್ತೀರೇನು ಮಾವ?"

"ಯಾರರ ಎದುರು ಈಸ್ತಾರೇನು? ಅಡ್ಡ ಈಸಿ ಸೆಳವು ದಾಟ್ತೀವಿ."

"ಇಲ್ಲೂ ಅಷ್ಟ. ಇಲ್ಲಿ ಸೆಳವು ದಂಡಿಯಿಂದ ಒಳಗ ಹರಿತೈತಿ. ದಂಡಿ ಕಡಿಗೆ ಈಸಿದ್ರ ಎದುರು ಈಸಿದಂಗ. ಮೊದಲು ತೇಲಿ ದಮ್ಮು ಹಿಡಿಬೇಕು, ಆಮ್ಯಾಲೆ ದಂಡಿಗುಂಟ ಅಡ್ಡ ಈಸಬೇಕು. ಆಗದಿದ್ರ ಕೈ ಎತ್ತಿ ತೇಲತಾ ಇರಬೇಕು."

ಗಾದೆಪ್ಪ ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ನೋಡಿದ. ತನಗೆ ಗೊತ್ತಿದ್ದ ವಿದ್ಯೆಯೇ, ಆದರೆ ದಿಕ್ಕು ಬೇರೆಯಾಗಿತ್ತು. ಬೆಳಿಗ್ಗೆ ಅರ್ಧ ತಾಸು ಕೂತಿದ್ದರೆ ಇದು ಆಗಲೇ ತಿಳಿಯುತ್ತಿತ್ತು. ನಾಳೆ ಬಿಟ್ಟು ನಾಡಿದ್ದು ಪಾಠಕ್ಕೆ ತನ್ನನ್ನೂ ಸೇರಿಸಿಕೊಳ್ಳುವೆಯಾ ಎಂದು ಕೇಳಿದ. ಡಾಕ್ಟರು ಒಪ್ಪಿದರೆ ಸೇರಿಸಿಕೊಳ್ಳುತ್ತೇನೆ ಎಂದ ಹುಲುಗೇಶ.

ಡಾಕ್ಟರು ಒಪ್ಪಿದರು. ಮೂರನೆಯ ದಿನ ಗಾದೆಪ್ಪ ಎಲ್ಲರಿಗಿಂತ ಮುಂದೆ ಬಂದು ಮರಳಿನ ಮೇಲೆ ಕುಳಿತ. ಲೈಫ್ ಜಾಕೆಟ್ಟಿನ ಬಕಲು ತಾನೇ ಹಾಕಿಕೊಂಡ. ಹಲಗೆ ತೇಲಿ ಹೋಗದಂತೆ ಕಾಲಿಗೆ ಹಗ್ಗ ಕಟ್ಟಿಸಿಕೊಂಡ. ಗೆರೆಯೊಳಗೆ ಬೋರಲು ಮಲಗಿ ಎದ್ದು ನಿಲ್ಲುವಾಗ ಎರಡು ಸಲ ಮುಗ್ಗರಿಸಿದ. ಪಕ್ಕದಲ್ಲಿದ್ದ ಮಂಜಮ್ಮ, ಕಾಲಿನ ಕಡೆ ನೋಡಬೇಡಿ, ಮುಂದೆ ನೋಡಿ ಎಂದು ಹೇಳಿಕೊಟ್ಟಳು.

ನೀರು ಸೊಂಟದ ಮೇಲೆ ಹೋಗದಂಥ ಜಾಗದಲ್ಲಿ, ಒಡೆದು ನೊರೆಯಾದ ಅಲೆಗಳಲ್ಲಿ ಮಾತ್ರ ಹುಲುಗೇಶ ಅವರನ್ನು ಆಡಿಸಿದ. ಬಿದ್ದರೆ ತಲೆ ಕೆಳಗಾಗಿ ಬೀಳಬಾರದು, ಮೇಲೆ ಬರುವಾಗ ಹಲಗೆ ಬಡಿಯದಂತೆ ಎರಡೂ ಕೈ ತಲೆಗೆ ಅಡ್ಡ ಹಿಡಿಯಬೇಕು ಎಂದು ಪ್ರತಿ ಸಲವೂ ನೆನಪಿಸಿದ. ಲಕ್ಷ್ಮಿದೇವಿ ಮೂರನೆಯ ಅಲೆಗೇ ನಿಂತಳು. ಮಂಜಮ್ಮ ಮೊದಲು ಮೊಣಕಾಲ ಮೇಲೆ ಬಂದಳು, ಆಮೇಲೊಂದು ಸಲ ನಿಂತೇಬಿಟ್ಟಳು. ಇಳಿಯುವುದು ಹೇಗೆಂದು ತಿಳಿಯದೆ ಮರಳಿನವರೆಗೂ ಬಂದು, ಬಸ್ಸಿನಿಂದ ಇಳಿದಂತೆ ಇಳಿದು ಹಿಂದೆ ನೋಡಿದಳು. ಸಮುದ್ರವೆಂದರೆ ಇದ್ದ ಆ ಅಂಜಿಕೆ ಅವಳ ಮುಖದಲ್ಲಿ ಈಗ ಇರಲಿಲ್ಲ.

ಗಾದೆಪ್ಪ ಹನ್ನೊಂದು ಸಲ ಬಿದ್ದ. ಹನ್ನೆರಡನೆಯ ಸಲ ಹುಲುಗೇಶ ಹಿಂದಿನಿಂದ ಹಲಗೆ ನೂಕಿ ಏಳಿರಿ ಎಂದಾಗ ಎದ್ದ. ಕೆಳಗೆ ಅಲೆ ಗಡಗಡ ಓಡುತ್ತಿತ್ತು, ಎದುರಿಗೆ ತೆಂಗಿನ ಮರಗಳು ತಾವಾಗಿ ಹತ್ತಿರ ಬರುತ್ತಿದ್ದವು. ಐದಾರು ಎಣಿಸುವಷ್ಟು ಹೊತ್ತು. ಆಮೇಲೆ ಪಕ್ಕಕ್ಕೆ ಬಿದ್ದು, ಎರಡೂ ಕೈ ತಲೆಗೆ ಅಡ್ಡ ಹಿಡಿದು ಎದ್ದಾಗ ಅವನು ನಗುತ್ತಿದ್ದ. ಚಪ್ಪರದ ಕೆಳಗೆ ಕುಳಿತು ಮೂವರೂ ಉಳಿದ ರೊಟ್ಟಿ ತಿಂದರು. ರೊಟ್ಟಿ ಖಡಕ್ಕಾಗಿತ್ತು, ಬಾಯಿಗೆ ಉಪ್ಪು ಹತ್ತಿತ್ತು, ಆದರೂ ಯಾರೂ ಸಾಕು ಎನ್ನಲಿಲ್ಲ.

ಊರಿಗೆ ಬಂದ ಮೇಲೆ ಮಂಜಮ್ಮನ ಸ್ವಸಹಾಯ ಸಂಘದವರು ತಾವೂ ಕಡಲಿಗೆ ಹೋಗುವ ಮಾತಾಡಿದರು. ಸಂಘದ ಅಧ್ಯಕ್ಷೆ ತಿಪ್ಪೇರುದ್ರಮ್ಮ ಗಾದೆಪ್ಪನನ್ನು ಸಭೆಗೆ ಕರೆಸಿ, ಅಲ್ಲಿ ಏನಾಯಿತೆಂದು ಹೇಳಲು ಕೇಳಿದಳು. ಹೆಂಗಸರ ನಡುವೆ ಕುಳಿತು ಅವನು ಒಂದೂ ಮುಚ್ಚಿಡದೆ ಹೇಳಿದ. ಬಾವುಟ ದಾಟಿದ್ದು, ಸೆಳವಿಗೆ ಎದುರಾಗಿ ಈಜಿದ್ದು, ಕೈ ಎತ್ತಲು ನಾಚಿದ್ದು, ಎಲ್ಲವನ್ನೂ. ಇಷ್ಟು ದೊಡ್ಡ ಈಸುಗಾರ ನೀವೇ ಹೀಗಾದರೆ ನಮ್ಮ ಗತಿ ಏನು, ಹೋಗುವುದೇ ಬೇಡ ಎಂದು ತಿಪ್ಪೇರುದ್ರಮ್ಮ ಹಿಂಜರಿದಳು.

"ಹೋಗ್ರಿ ಯಕ್ಕ, ಭಾಳ ಚಂದ ಐತಿ," ಎಂದ ಗಾದೆಪ್ಪ. "ಕೇಳಿ ಇಳೀರಿ. ನಾ ಕೇಳಲಿಲ್ಲ, ಅಷ್ಟ."

ಫೆಬ್ರವರಿಯಲ್ಲಿ ಸಂಘದ ಹದಿನಾಲ್ಕು ಮಂದಿ ಹೋದರು. ಹದಿನಾಲ್ಕೂ ಮಂದಿ ಮರಳಿ ಬಂದರು. ಅವರಲ್ಲಿ ಆರು ಮಂದಿ ಹಲಗೆಯ ಮೇಲೆ ನಿಂತರು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಈ ರಜೆಗೆ ಕಡಲಿಗೆ ಹೊರಟಿರಬಹುದು. ಸಂತೋಷದಿಂದ ಕಳಿಸಿ, ನೀವೂ ಹೋಗಿ. ಆದರೆ ಮಳೆಗಾಲದಲ್ಲಿ ಬೇಡ, ಕುಡಿದು ಬೇಡ. ದಂಡೆ ಮುಟ್ಟಿದ ಕೂಡಲೇ ಲೈಫ್‌ಗಾರ್ಡ್ ಎಲ್ಲಿದ್ದಾನೆ ನೋಡಿ, ಎಲ್ಲಿ ಇಳಿಯಬಹುದು ಎಂದು ಅವನನ್ನು ಕೇಳಿ. ಕೆಂಪು ಬಾವುಟವಿದ್ದಲ್ಲಿ ಕಾಲಿಡಬೇಡಿ. ಅಲೆಯ ಮೇಲೆ ಆಡುವ ಆಸೆಯಿದ್ದರೆ ತರಬೇತಿ ಪಡೆದವರ ಹತ್ತಿರ ಪಾಠ ಹೇಳಿಸಿಕೊಂಡು, ಜಾಕೆಟ್ ತೊಟ್ಟು ಆಡಿ. ಸೆಳವಿಗೆ ಸಿಕ್ಕರೆ ತೇಲಿ, ಕೈ ಎತ್ತಿ, ಅಡ್ಡಕ್ಕೆ ಈಜಿ. ಬೇರೆಯವರು ಸಿಕ್ಕಿದ್ದು ಕಂಡರೆ ನೀವು ಹಾರಬೇಡಿ. ಲೈಫ್‌ಗಾರ್ಡ್‌ನನ್ನು ಕೂಗಿ, ತೇಲುವ ವಸ್ತು ಏನಿದ್ದರೂ ಎಸೆಯಿರಿ, 112ಕ್ಕೆ ಫೋನ್ ಮಾಡಿ. ನಿಮಗೆ ಎಷ್ಟೇ ಚೆನ್ನಾಗಿ ಈಸು ಬರಲಿ, ಹೊಸ ನೀರಿಗೆ ಇಳಿಯುವ ಮುನ್ನ ಆ ನೀರನ್ನು ಬಲ್ಲವರನ್ನು ಒಂದು ಮಾತು ಕೇಳಿ.