ಎಡಗೈ ಬೆರಳು

"ಜಿಪ್ಪಂತೆ ಜಿಪ್ಪು! ಆ ಕಾಲದಲ್ಲಿ ಹುಡುಗೀರ ಫ್ರಾಕಿಗೆ ಯಾರೇ ಜಿಪ್ಪು ಹಾಕ್ತಿದ್ರು? ಮೂರು ಗುಂಡಿ, ಅದೂ ಬೆನ್ನಿಗೆ. ಮೊದಲು ಅದಕ್ಕೆ ಕತ್ತರಿ ಹಾಕು."

ದೊಡ್ಡಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಗದರಿದಳು. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ತಂಗಿಯ ಮಗಳು ಜಿಪ್ಪನ್ನು ಹೊಡೆದುಹಾಕಿ ಗುಂಡಿ ಎಂದು ಬರೆದುಕೊಂಡಳು. ಮಕ್ಕಳಿಗಾಗಿ ಕಾದಂಬರಿ ಬರೆಯುವುದು ಅವಳ ಕಸುಬು. ಈ ಸಲದ್ದು ಯುದ್ಧದ ಕಥೆ. ಏಳು ವರ್ಷದ ಹುಡುಗಿಯೊಬ್ಬಳು ತಾಯಿ ಮತ್ತು ಅಣ್ಣನ ಜೊತೆ ಮನೆ ಬಿಟ್ಟು ರೈಲು ಹತ್ತುತ್ತಾಳೆ. ದಾರಿಯಲ್ಲಿ ಅಣ್ಣ ನೀರು ತರಲು ಇಳಿದವನು ಅಲ್ಲೇ ಉಳಿದುಬಿಡುತ್ತಾನೆ. ಆ ಹುಡುಗಿ ಈ ದೊಡ್ಡಮ್ಮನೇ. ತಂಗಿ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ನಾಳೆ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಹಾಗಾಗಿ ತಂಗಿಯ ಮಗಳು ದೊಡ್ಡಮ್ಮನ ಟೈಲರಿಂಗ್ ಅಂಗಡಿಯಲ್ಲೇ ಕೂತು ಕೊನೆಯ ಸಲ ಓದಿ ಹೇಳುತ್ತಿದ್ದಳು.

ದೊಡ್ಡಮ್ಮ ಒಂದನ್ನೂ ಬಿಡಲಿಲ್ಲ. ಬೋಗಿಯ ಸೀಟಿಗೆ ಮೆತ್ತೆ ಇರಲಿಲ್ಲ, ಬರೀ ಹಲಗೆ. ಕೆಟಲ್ ಹೊಸದಲ್ಲ, ಹಿಡಿಕೆ ಮುರಿದು ತಂತಿ ಸುತ್ತಿದ್ದು. ಅಮ್ಮನ ಕೋಟಿನ ಅಂಚಿನೊಳಗೆ ಹೊಲಿದಿಟ್ಟಿದ್ದು ಒಡವೆಯಲ್ಲ, ಮನೆಯ ಬೀಗದ ಕೈ.

"ಒಡವೆ ಇದ್ದಿದ್ರೆ ನಾವ್ಯಾಕೆ ಹಲಗೆ ಮೇಲೆ ಕೂರ್ತಿದ್ವಿ, ಹೇಳು!"

ತಂಗಿಯ ಮಗಳು ನಕ್ಕು ಪುಟ ತಿರುಗಿಸಿದಳು. "'ರೈಲು ಅಲುಗಿತು. ಅಣ್ಣ ಇನ್ನೂ ನಲ್ಲಿಯ ಹತ್ತಿರವೇ ಇದ್ದ, ಬೆನ್ನು ಮಾಡಿಕೊಂಡು. ಅವಳು ಕಿಟಕಿಯ ಸರಳು ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದಳು: ಅಣ್ಣಾ! ಅಣ್ಣಾ!'"

ಯಂತ್ರ ನಿಂತಿತು.

"ಇದು ಸರಿ ಇದೆಯಾ ದೊಡ್ಡಮ್ಮಾ?"

"ಹೂಂ. ಮುಂದೆ ಓದು."

ಅರವತ್ನಾಲ್ಕು ವರ್ಷದಿಂದ ಅವಳು ಎಲ್ಲರಿಗೂ ಹೇಳಿಕೊಂಡು ಬಂದದ್ದು ಇಷ್ಟೇ: ರೈಲು ಹೊರಟಿತು, ಅಣ್ಣ ಉಳಿದ. ನೀನು ಕೂಗಿದೆಯಾ ಎಂದು ಯಾರೂ ಕೇಳಿರಲಿಲ್ಲ. ಪುಸ್ತಕದ ಹುಡುಗಿ ಮಾತ್ರ ಕೂಗಿದ್ದಳು, ಚೆನ್ನಾಗಿಯೇ ಕೂಗಿದ್ದಳು. ದೊಡ್ಡಮ್ಮನಿಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಕೂಗಿದರೆ ಕೂಗಲಿ, ಯಾರಪ್ಪನ ಗಂಟು ಹೋಗುತ್ತದೆ ಅಂದುಕೊಂಡಳು.

"ನಮ್ಮ ಸಂಪಾದಕರು ಈ ಪುಟ ಓದಿ ಅತ್ತೇಬಿಟ್ರಂತೆ. ಇನ್ನೊಂದು ಸುದ್ದಿ ಇದೆ. ಗಡಿ ಆಚೆಯವರೂ ಪುಸ್ತಕ ಕೇಳಿದ್ದಾರೆ. ಅಲ್ಲಿನ ಮಕ್ಕಳಿಗೆ ಅವರ ಭಾಷೇಲೇ ತರ್ತಾರಂತೆ."

ದೊಡ್ಡಮ್ಮ ಸೂಜಿಯಡಿಯ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಅಣ್ಣ ಉಳಿದ ಸ್ಟೇಷನ್ನು ಈಗ ಗಡಿಯ ಆಚೆಗಿತ್ತು. ಅಣ್ಣನನ್ನು ಹುಡುಕಿ ಅವಳು ಕಾಗದ ಬರೆಯದ ಕಚೇರಿ ಉಳಿದಿರಲಿಲ್ಲ. ಮಾಹಿತಿ ಇಲ್ಲ ಎಂಬ ಒಂದೇ ಉತ್ತರ. ಅಣ್ಣ ಇದ್ದರೆ ಅವನಿಗೆ ಈಗ ಎಪ್ಪತ್ತನಾಲ್ಕು. ಮೊಮ್ಮಗಳೊಬ್ಬಳು ಇರಬಹುದು, ಓದಿನ ಹುಚ್ಚಿನವಳು. ಅವಳು ತಂತಿ ಸುತ್ತಿದ ಕೆಟಲ್ ಎಂದು ಗಟ್ಟಿಯಾಗಿ ಓದಿದರೆ ಮುದುಕ ಕಿವಿ ನಿಮಿರಿಸುತ್ತಾನೆ. ಬೀಗದ ಕೈ ಬಂದಾಗ ಎದ್ದು ಕೂರುತ್ತಾನೆ. ಆಮೇಲೆ ಈ ಕೂಗು ಬರುತ್ತದೆ. ತನ್ನನ್ನು ಯಾರೂ ಕೂಗಲಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಇದು ಬೇರೆ ಯಾರದೋ ಕಥೆ ಅಂದುಕೊಂಡು ಮಗ್ಗುಲು ಬದಲಿಸಿಬಿಡುತ್ತಾನೆ.

"ನಾನು ಕೂಗಲಿಲ್ಲ ಕಣೇ."

"ಏನು?"

"ಮನೆಮಾತು ಬಿಟ್ರೆ ಬೇರೆ ಮಾತು ನಂಗೆ ಬರ್ತಿರಲಿಲ್ಲ. ಬೋಗಿ ತುಂಬ ಸಿಪಾಯಿಗಳು. ಆ ಮಾತು ಅವರ ಕಿವಿಗೆ ಬಿದ್ರೆ ಮೂರೂ ಜನಾನ ಕೆಳಗಿಳಿಸ್ತಿದ್ರು. ಅಮ್ಮ ಜ್ವರ ಬಂದು ಮಲಗಿದ್ಲು. ಅಣ್ಣ ಇಳಿಯೋ ಮುಂಚೆ ತುಟಿ ಮೇಲೆ ಬೆರಳಿಟ್ಟು ತೋರಿಸ್ದ, ಬಾಯಿ ಬಿಡಬೇಡ ಅಂತ. ರೈಲು ಹೊರಟ್ರೂ ನಾನು ಬಾಯಿ ಬಿಡಲಿಲ್ಲ. ಹತ್ತೇ ಹೆಜ್ಜೆ ದೂರ. ಕೂಗಿದ್ರೆ ತಿರುಗ್ತಿದ್ದ." ದೊಡ್ಡಮ್ಮ ಮಡಿಲಲ್ಲಿದ್ದ ಬಟ್ಟೆಯನ್ನು ಸುಮ್ಮನೆ ನೀವಿದಳು. "ಆಮೇಲೆ ಅಮ್ಮನೂ ಮನೆಮಾತು ಆಡಲಿಲ್ಲ. ನಿಮ್ಮಮ್ಮನಿಗೆ ಅದು ಬರದೇ ಇರೋದು ಅದಕ್ಕೇ."

ತಂಗಿಯ ಮಗಳು ಪೆನ್ನು ಕೆಳಗಿಟ್ಟಳು. "ಮಕ್ಕಳು ಓದೋ ಪುಸ್ತಕ ದೊಡ್ಡಮ್ಮಾ. ಆ ಹುಡುಗೀನ ಬೈಕೋತಾರೆ."

"ಬೈಕೊಳ್ಳಲಿ. ನಾನು ಬೈಕೊಂಡಷ್ಟು ಬೈಯೋಕೆ ಯಾರಿಂದಲೂ ಆಗಲ್ಲ. ಅವನು ಬೆರಳಿಟ್ಟಿದ್ದು ಇಬ್ಬರಿಗೇ ಗೊತ್ತಿರೋದು, ಅವನಿಗೂ ನಂಗೂ. ಅದು ಪುಸ್ತಕದಲ್ಲಿ ಇರಬೇಕು. ಬರಿ."

ಸಂಪಾದಕರು ಓದಿ ಅತ್ತಿದ್ದ ಸಾಲುಗಳ ಮೇಲೆ ಗೆರೆ ಬಿತ್ತು. ಪಕ್ಕದ ಖಾಲಿ ಜಾಗದಲ್ಲಿ ಬರೆದುಕೊಂಡು ತಂಗಿಯ ಮಗಳು ಓದಿದಳು: "'ಅಣ್ಣ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಇಳಿದುಹೋದ. ರೈಲು ಅಲುಗಿತು. ಅವಳು ಕೂಗಲಿಲ್ಲ.'"

"ಎಡಗೈ ಬೆರಳು ಅಂತ ಹಾಕು. ಬಲಗೈಯಲ್ಲಿ ಕೆಟಲ್ ಇತ್ತು."

ಅವಳು ಹಾಕಿದಳು. ದೊಡ್ಡಮ್ಮ ಯಂತ್ರದ ಪೆಡಲ್ ಮೇಲೆ ಕಾಲಿಟ್ಟವಳು ಮತ್ತೆ ತೆಗೆದಳು.

"ಗಡಿ ಆಚೆ ಯಾವಾಗ ಬರುತ್ತೇ ಪುಸ್ತಕ?"